ಗುಮಾಸ್ತರು ಕೈಗೆ ಸಿಕ್ಕ ದಿನ

ಎಲ್ಲಕ್ಕೂ ಕಾರಣ ಒಂದು ಸೊಳ್ಳೆ. ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಯಲ್ಲಿ ಸೊಳ್ಳೆಗೇನೂ ಬರವಿರಲಿಲ್ಲ. ಆದರೆ ಆ ಶನಿವಾರ ಬೆಳಿಗ್ಗೆ ಗುಮಾಸ್ತ ರುದ್ರಸ್ವಾಮಿಯ ಮೂಗಿನ ಮೇಲೆ ಕೂತದ್ದು ಮಹಾ ಹಟದ ಸೊಳ್ಳೆ. ಎಡಗೈ ಬೀಸಿದ, ತಪ್ಪಿಸಿಕೊಂಡಿತು. ಬಲಗೈ ಬೀಸಿದ, ಮತ್ತೆ ತಪ್ಪಿಸಿಕೊಂಡಿತು. ಕೊನೆಗೆ ಕುರ್ಚಿ ಬಿಟ್ಟೆದ್ದು, ಕಾಲು ಕುಣಿಸುತ್ತ, ಎರಡೂ ಮುಷ್ಟಿಯಿಂದ ಗಾಳಿಗೆ ಗುದ್ದತೊಡಗಿದಾಗ ಬಾಗಿಲಲ್ಲಿ ಅಮಲ್ದಾರರು ನಿಂತಿದ್ದರು.

"ಏನ್ರೀ ರುದ್ರಸ್ವಾಮಿ, ನಿಮಗೆ ಬಾಕ್ಸಿಂಗ್ ಬರುತ್ತಾ?"

ರುದ್ರಸ್ವಾಮಿ ಮೇಲಧಿಕಾರಿಗಳಿಗೆ ಎಂದೂ ಇಲ್ಲ ಎಂದವನಲ್ಲ. ಅರ್ಜಿದಾರರಿಗೆ ಎಂದೂ ಹೂಂ ಎಂದವನೂ ಅಲ್ಲ. "ಏನೋ, ಸ್ವಲ್ಪ ಸಾರ್" ಎಂದುಬಿಟ್ಟ.

ಅಮಲ್ದಾರರಿಗೆ ಬೆಂಗಳೂರಿನಲ್ಲಿ ಓದುವಾಗ ಹತ್ತಿದ ಬಾಕ್ಸಿಂಗ್ ಹುಚ್ಚು ನಲವತ್ತು ದಾಟಿದರೂ ಇಳಿದಿರಲಿಲ್ಲ. ಆ ಸಂಜೆಯ ತಾಲ್ಲೂಕು ಕ್ರೀಡಾಕೂಟದಲ್ಲಿ ಅವರೇ ಒಂದು ಪಂದ್ಯ ಇಟ್ಟಿದ್ದರು. ಒಂದು ಕಡೆ ಅಂತರಸಂತೆಯ ಗರಡಿ ಆಳು ಚಲುವಯ್ಯ. ಅವನೆದುರು ಇಳಿಯಬೇಕಾಗಿದ್ದ ಡ್ರಿಲ್ ಮೇಷ್ಟ್ರು ಬೆಳಿಗ್ಗೆಯೇ ಚಳಿಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದರು.

"ನೀವು ಗೆಲ್ಲಬೇಕು ಅಂತಿಲ್ಲ" ಎಂದರು ಅಮಲ್ದಾರರು. "ಮೂರು ಸುತ್ತು ಕಾಲ ಮೇಲೆ ನಿಂತಿರಿ, ಸಾಕು. ಮೈಸೂರಿಗೆ ವರ್ಗ ಕೇಳಿದ ನಿಮ್ಮ ಅರ್ಜಿಗೆ ಅಲ್ಲೇ, ಜನರೆದುರಿಗೇ ಶಿಫಾರಸು ಬರೆದು ರುಜು ಹಾಕ್ತೀನಿ."

ರುದ್ರಸ್ವಾಮಿ ಆ ಅರ್ಜಿ ಕೊಟ್ಟು ಹದಿನಾಲ್ಕು ತಿಂಗಳಾಗಿತ್ತು. ಕೇಳಿದಾಗಲೆಲ್ಲ ಅಮಲ್ದಾರರು "ನಾಳೆ ಬನ್ನಿ, ನೋಡೋಣ" ಎನ್ನುತ್ತಿದ್ದರು. ಹೆಂಡತಿ ಸರ್ವಮಂಗಳ ಈ ಊರಿನ ಚಳಿಜ್ವರಕ್ಕೆ ಹೆದರಿ ಮೈಸೂರಿನ ತವರಿನಲ್ಲೇ ಉಳಿದಿದ್ದಳು. ಎಂಟು ತಿಂಗಳ ಮಗಳು ಹೋದ ಸಲ ಇವನನ್ನು ಕಂಡು, ಯಾರೋ ಬುಡುಬುಡಿಕೆಯವನು ಬಂದನೆಂದು ಕಿರುಚಿ ಅತ್ತಿದ್ದಳು. "ಆಗಲಿ ಸಾರ್" ಎಂದ.

ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಸುದ್ದಿ. ಊಟಕ್ಕೆ ಹೋದರೆ ಬಾಡಿಗೆ ಮನೆಯೊಡತಿ ಗುರುಶಾಂತಮ್ಮ ಅವನ ತೋಳು ಒತ್ತಿ ನೋಡಿ ಲೊಚಗುಟ್ಟಿದರು. "ಸೊಪ್ಪಿನ ಸಾರು ತಿನ್ನೋ ಮೈ ಕಣಪ್ಪ ಇದು. ಆ ಗರಡಿಯೋನು ಇಂಡಿ ಆಕ್ಬುಡ್ತಾನೆ. ತಗಾ, ಕುಡಿ" ಎಂದು ಒಂದು ಚೊಂಬು ಹಾಲಿಗೆ ನಾಲ್ಕು ಸೌಟು ತುಪ್ಪ ಸುರಿದು, ಎದುರಿಗೇ ಕೂತು ಕುಡಿಸಿದರು.

ಆಮೇಲೆ ಅವನನ್ನು ಹಿಡಿದವನು ಕಚೇರಿಯ ದಫೇದಾರ ನಂಜಣ್ಣ. ಅವನು ಯುದ್ಧಕ್ಕೆ ಹೋಗಿಬಂದವನು, ಪಲ್ಟನ್ನಿನಲ್ಲಿ ಬಾಕ್ಸಿಂಗ್ ಆಡಿದವನು. ರೆಕಾರ್ಡು ಕೋಣೆಯ ಬಾಗಿಲು ಹಾಕಿಕೊಂಡು ಪಾಠ ಶುರುಮಾಡಿದ.

"ಚಲುವಯ್ಯ ಗುದ್ದೋ ಪೈಕಿ ಅಲ್ಲ ಸ್ವಾಮಿ. ಮೈಮ್ಯಾಲೆ ವಾಲ್ಕಂಡು, ತಬ್ಕಂಡು, ಭಾರ ಬುಟ್ಟು ಸುಸ್ತು ಮಾಡ್ತಾನೆ. ನೀವು ಎದುರಿಗೆ ತಳ್ಳಕ್ಕೋಗ್ಬೇಡಿ. ತಳ್ದಷ್ಟೂ ವಾಲ್ತಾನೆ. ಬಂದ ಅನ್ನೋವಾಗ ಒಂದೆಜ್ಜೆ ಪಕ್ಕಕ್ಕೆ ಸರೀರಿ. ಅವನ ಭಾರ ಅವನ್ನೇ ಬೀಳುಸ್ತದೆ."

"ಹಿಡ್ಕೊಂಡೇ ಬಿಟ್ರೆ?"

"ಎರಡೂ ಕೈಯ ಅವನ ತೋಳಿನ ಒಳಗಡೆ ತೂರ್ಸಿ, ಹಣೆಯ ಭುಜಕ್ಕೆ ಒತ್ತಿ, ಗಾಡಿ ಗಾಲಿ ತಿರುಗ್ಸದಂಗೆ ಅವನ್ನ ತಿರುಗ್ಸಿ. ಆದ್ರೆ ಹಿಡಿಸ್ಕಳದೇ ಇರೋದೇ ಮೇಲು."

ಹೀಗೆಂದು ನಂಜಣ್ಣ ಅವನ ಮೇಲೆ ಎರಗಿದ. ರುದ್ರಸ್ವಾಮಿ ಸರಕ್ಕನೆ ಪಕ್ಕಕ್ಕೆ ಸರಿದ. ನಂಜಣ್ಣ ಹಳೆಯ ಖಾತೆ ಪುಸ್ತಕಗಳ ರಾಶಿಗೆ ಹೋಗಿ ಬಿದ್ದ. "ಭಲೇ! ಇದನ್ನ ಎಲ್ಲಿ ಕಲಿತ್ರಿ?" ಎಂದು ಧೂಳು ಕೊಡವಿಕೊಳ್ಳುತ್ತ ಕೇಳಿದ. ಆರು ವರ್ಷಗಳಿಂದ ಅರ್ಜಿದಾರರು ಮೇಜಿನ ಹತ್ತಿರ ಬರುವುದು ಕಂಡೊಡನೆ ಹಿಂಬಾಗಿಲಿಂದ ನುಸುಳುತ್ತ ಬಂದ ಮನುಷ್ಯನಿಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ.

ಸಂಜೆ ಶಾಲೆಯ ಮೈದಾನದಲ್ಲಿ ನಾಲ್ಕು ಬಿದಿರು ನೆಟ್ಟು, ಬಾವಿ ಹಗ್ಗ ಸುತ್ತಿ ಅಖಾಡ ಮಾಡಿದ್ದರು. ಅಮಲ್ದಾರರೇ ತೀರ್ಪುಗಾರರು. ಅವರ ಕಾಲೇಜು ದಿನಗಳ ಕೈಗವಸುಗಳನ್ನು ಜಿರಲೆಗಳು ಅಷ್ಟಿಷ್ಟು ರುಚಿ ನೋಡಿದ್ದವು. ನಂಜಣ್ಣ ಜಾಗಟೆ ಬಾರಿಸಿದ.

ಚಲುವಯ್ಯ ಹುಲ್ಲು ಹೇರಿದ ಗಾಡಿಯ ಹಾಗೆ ವಾಲಿಕೊಂಡು ಬಂದ. ರುದ್ರಸ್ವಾಮಿ ಸರಿದ. ಚಲುವಯ್ಯ ಹಗ್ಗಕ್ಕೆ ಹೋಗಿ ಜೋತುಬಿದ್ದ. ಮತ್ತೆ ಬಂದ, ಮತ್ತೆ ಜೋತುಬಿದ್ದ. ಜನ ಸಿಳ್ಳೆ ಹಾಕಿದರು. ಮೊದಲನೇ ಸುತ್ತು ಮುಗಿದಾಗ ರುದ್ರಸ್ವಾಮಿಗೆ ಮೈಸೂರಿನ ಮನೆಯ ತೊಟ್ಟಿಲು ಕಣ್ಣಿಗೆ ಕಟ್ಟಿತು.

ಎರಡನೇ ಸುತ್ತಿಗೆ ಗುರುಶಾಂತಮ್ಮನವರ ತುಪ್ಪ ಕೆಲಸ ಶುರುಮಾಡಿತು. ಕಾಲು ಎತ್ತಿಡಲಾಗಲಿಲ್ಲ. ಚಲುವಯ್ಯ ಅವನನ್ನು ಮೂಲೆಯಲ್ಲಿ ಬಾಚಿ ತಬ್ಬಿಕೊಂಡ. ಗುದ್ದು ಬೀಳುವುದೆಂದು ರುದ್ರಸ್ವಾಮಿ ಕಣ್ಣು ಮುಚ್ಚಿದರೆ, ಕಿವಿಯ ಹತ್ತಿರ ಪಿಸುಮಾತು ಕೇಳಿಸಿತು.

"ಸ್ವಾಮಿ, ನನ್ ಕೋವಿ ಲೈಸೆನ್ಸಿನ ಅರ್ಜಿ ಏನಾಯ್ತು?"

"ಆಂ?"

"ನೀವು ಒಂದು ಷರಾ ಬರ್ದು ಮೈಸೂರಿಗೆ ಕಳಿಸ್ಬೇಕು, ಅಷ್ಟೇಯ. ಎರಡು ವರ್ಸ ಆಯ್ತು. ಎರಡು ಬೆಳೆ ಕಾಡಂದಿ ತಿಂದ್ವು. ಅಟ್ಟಣೆ ಮ್ಯಾಲೆ ಕುಂತು ತಮಟೆ ಬಡ್ದು ಬಡ್ದು ನಮ್ಮಪ್ಪನ ಕೈಯೇ ಬಿದ್ದೋಗವೆ."

"ನಾಳೆ ಬಾರಯ್ಯ, ನೋಡೋಣ."

"ನಾಳೆ ಬಾನ್ವಾರ ಸ್ವಾಮಿ. ಕಚೇರೀಲಿ ನೀವು ಸಿಕ್ಕಾಕಿಲ್ಲ. ಇವತ್ತು ದ್ಯಾವ್ರೇ ತಂದು ಕೈಗೆ ಕೊಟ್ಟವ್ನೆ. ಬುಡಾಕಿಲ್ಲ."

"ಬಿಡಿಸಿಕೊಳ್ಳಿ! ಬಿಡಿಸಿಕೊಳ್ಳಿ!" ಎಂದು ಅಮಲ್ದಾರರು ಕೂಗಿದರು. ರುದ್ರಸ್ವಾಮಿ ಹೇಳಿಕೊಟ್ಟಂತೆ ಕೈ ತೂರಿಸಿ, ಹಣೆ ಒತ್ತಿ ತಿರುಗಿಸಿದ. ಚಲುವಯ್ಯ ತಿರುಗಿದ, ಅವನ ಜೊತೆಗೆ ಇವನೂ ತಿರುಗಿದ. ಇಬ್ಬರೂ ಬೀಸುವ ಕಲ್ಲಿನಂತೆ ಸುತ್ತಿದರೇ ಹೊರತು ಬೇರೆಯಾಗಲಿಲ್ಲ.

ಮೂರನೇ ಸುತ್ತಿನಲ್ಲಿ ಮತ್ತೆ ಅದೇ ಮೂಲೆ, ಅದೇ ಅಪ್ಪುಗೆ. ರುದ್ರಸ್ವಾಮಿಯ ಮೊಣಕಾಲು ಮಡಚಿಕೊಳ್ಳತೊಡಗಿತ್ತು. ಅಟ್ಟಣೆಯ ಮೇಲಿನ ಮುದುಕನನ್ನು ನೆನೆದು ಒಂದಿಷ್ಟು ನಾಚಿಕೆಯೂ ಆಯಿತು.

"ಸೋಮವಾರವೇ ನಿನ್ನ ಕಾಗದ ಮೈಸೂರಿಗೆ ಹೊರಡುತ್ತೆ. ನನ್ನ ಮಗಳಾಣೆ. ಇನ್ನೊಂದು ನಿಮಿಷ ನನ್ನ ನಿಂತುಕೊಳ್ಳೋದಕ್ಕೆ ಬಿಡಪ್ಪ. ನನಗೆ ಅಷ್ಟೇ ಬೇಕಾಗಿರೋದು."

ಚಲುವಯ್ಯನ ಕಣ್ಣು ತುಂಬಿ ಬಂತು. "ಬರೀ ನಿಂತ್ಕಳಾದಾ? ಉಪ್ಕಾರ ಮರೆಯೋನಲ್ಲ ಸ್ವಾಮಿ ನಾನು" ಎಂದು ಕೈಬಿಟ್ಟ. ಹಿಡಿತ ತಪ್ಪಿದ ರುದ್ರಸ್ವಾಮಿ ಮುಗ್ಗರಿಸಿದ. ಅವನ ಕೈಗವಸು ಚಲುವಯ್ಯನ ಕಿವಿಯನ್ನು ಸವರಿಕೊಂಡು ಹೋಯಿತು, ಅಷ್ಟೆ. "ಅಯ್ಯಪ್ಪೋ, ಸತ್ತೆ!" ಎಂದು ಚಲುವಯ್ಯ ಕಡಿದ ತೇಗದ ಮರದಂತೆ ಬಿದ್ದ.

"ಏಳಯ್ಯಾ, ನಾನು ಗೆಲ್ಲೋದು ಬೇಡ" ಎಂದು ರುದ್ರಸ್ವಾಮಿ ಬಗ್ಗಿ ಪಿಸುಗುಟ್ಟಿದ. ಬಿದ್ದವನು ಒಂದು ಕಣ್ಣು ಮಿಟುಕಿಸಿ, ಮತ್ತೆ ಮೂರ್ಛೆ ಹೋದ. ಅಮಲ್ದಾರರು ಹತ್ತರವರೆಗೆ ಎಣಿಸಿ ರುದ್ರಸ್ವಾಮಿಯ ಕೈ ಎತ್ತಿಹಿಡಿದರು. ಇನ್ನೊಂದು ಕೈಯಿಂದ ಜೇಬಿನ ಅರ್ಜಿ ತೆಗೆದರು, ಪೆನ್ನು ತೆಗೆದರು. ಅಮಲ್ದಾರರು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

"ಬರೀ ನಿಂತಿದ್ರೆ ಕಳಿಸಿಬಿಡ್ತಿದ್ದೆ ಕಣ್ರೀ. ಇಂಥ ಆಳನ್ನ ಮೈಸೂರಿಗೆ ಬಿಟ್ಟುಕೊಡೋದಕ್ಕೆ ನನಗೇನು ತಲೆ ಕೆಟ್ಟಿದೆಯೇ? ಇನ್ನು ಪ್ರತಿ ಭಾನುವಾರ ಇಲ್ಲಿ ಪಂದ್ಯ! ರುದ್ರಸ್ವಾಮಿಯವರ ಎದುರು ಯಾರು ನಿಲ್ತೀರಿ?"

ಅಷ್ಟು ಹೊತ್ತಿಗೆ ಚಲುವಯ್ಯ ಎದ್ದು, ಹಗ್ಗದಾಚೆಯ ತನ್ನ ಊರಿನವರಿಗೆ "ಮಾತು ಕೊಟ್ರು ಕಣ್ರಲಾ! ಗಟ್ಯಾಗಿ ತಬ್ಕಬೇಕು ಅಷ್ಟೇಯ" ಎಂದು ಹೇಳಿಯಾಗಿತ್ತು. ಮೈದಾನದ ತುಂಬ ಕೈಗಳು ಎದ್ದವು. ಒಂದೊಂದು ಕೈಯಲ್ಲೂ ಸುರುಳಿ ಸುತ್ತಿದ ಒಂದೊಂದು ಕಾಗದ.

"ನನ್ ಎಸ್ರು ಮೊದ್ಲು ಬರ್ಕಳಿ ಬುದ್ದಿ" ಎಂದು ಎಪ್ಪತ್ತು ದಾಟಿದ ಮುದ್ದಯ್ಯ ದೊಣ್ಣೆ ಊರಿಕೊಂಡು ಮುಂದೆ ಬಂದ. "ನಂದು ಮೂರು ವರ್ಸದ್ದು!"

ತಾಲ್ಲೂಕಿನ ಕ್ರೀಡಾಸಕ್ತಿಗೆ ಅಮಲ್ದಾರರ ಮನಸ್ಸು ತುಂಬಿತು. ಅವರು ಜೀಪಿನ ಕಡೆ ನಡೆದರು. ರುದ್ರಸ್ವಾಮಿ ಕೈಗವಸು ಬಿಚ್ಚದೆಯೇ ಓಡಿದ. "ಸಾರ್, ನನ್ನ ಅರ್ಜಿ! ನನ್ನ ಮಗು ಸಾರ್!" ಎನ್ನುತ್ತ ಎರಡೂ ಕೈ ಚಾಚಿ ಅವರನ್ನು ತಬ್ಬಿಹಿಡಿಯಲು ಎರಗಿದ.

ಅಮಲ್ದಾರರು ಹಿಂತಿರುಗಿ ಸಹ ನೋಡದೆ ಹಗುರವಾಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ರುದ್ರಸ್ವಾಮಿ ಮುಗ್ಗರಿಸಿ ಹುಲ್ಲಿನ ಮೇಲೆ ಬೋರಲು ಬಿದ್ದ. "ನಾಳೆ ಬನ್ನಿ, ನೋಡೋಣ" ಎಂದು ಅಮಲ್ದಾರರು ಜೀಪು ಹತ್ತಿದರು.

ನಂಜಣ್ಣ ಬಂದು ಅವನನ್ನು ಎಬ್ಬಿಸಿದ. ನಂಜಣ್ಣನ ಕಣ್ಣು ಮಾತ್ರ ದೂರವಾಗುತ್ತಿದ್ದ ಜೀಪಿನ ಮೇಲೇ ಇತ್ತು.

"ನೋಡುದ್ರಾ ಸ್ವಾಮಿ? ಪಕ್ಕಕ್ಕೆ ಸರಿಯೋದು ಅಂದ್ರೆ ಅದು."