ಗಾಳಿಯ ಮೇಲೆ ದೂರು

ಹಾರುವವನನ್ನು ಬೀಳಿಸುವುದು ಗಾಳಿ. ಎಂಬತ್ತರ ದಶಕದಲ್ಲಿ ಮಿಡಿಗೇಶಿ ಕಡೆ ಇದನ್ನು ನಂಬದವರಿರಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ನಾನೂ ನಂಬಿದ್ದೆ. ಹಾಗಾಗಿ ಇಂಥವು ಒಂದಾದ ಮೇಲೊಂದು ಆಗುತ್ತಲೇ ಇದ್ದವು.

೧. ಹಾರ

ಮಧುಗಿರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಎಲ್ಲೋ ಮನುಷ್ಯ ಜೋತುಬಿದ್ದು ಹಾರುವ ಹ್ಯಾಂಗ್ ಗ್ಲೈಡರ್ ನೋಡಿ ಬಂದು, ಪೈಪು, ಬಟ್ಟೆ ಸೇರಿಸಿ ತಾನೂ ಒಂದು ಮಾಡಿದ. ಮೈಗೆ ಬೆಲ್ಟು ಕಟ್ಟಿಕೊಂಡು, ಬೆಲ್ಟಿನ ಕೊಕ್ಕೆಯನ್ನು ರೆಕ್ಕೆಗೆ ಸಿಕ್ಕಿಸಿ, ದಿಬ್ಬದ ಮೇಲಿಂದ ಓಡಬೇಕು. ಅಷ್ಟೇ.

ಹೊಸ ಲಾರಿಗೆ ಮಾಡುವಂತೆ ಪೂಜೆ ಮಾಡಿ ರೆಕ್ಕೆಯ ಮೂತಿಗೆ ಚೆಂಡುಹೂವಿನ ಹಾರ ಹಾಕಿದ. ನೆಲ ಬಿಟ್ಟ ಕೂಡಲೇ ಹಾರ ಹರಿದು ಅವನ ಕುತ್ತಿಗೆಗೆ, ಮುಖಕ್ಕೆ ಸುತ್ತಿಕೊಂಡಿತು. ಕಣ್ಣು ಕಾಣದೆ ಕಡಲೇಕಾಯಿ ಹೊಲದಲ್ಲಿ ಬಿದ್ದ. ಕಳೆ ಕೀಳುತ್ತಿದ್ದ ಹೆಂಗಸು ಪಕ್ಕದವಳಿಗೆ ಹೇಳಿದಳು: "ಹಾರ ಹಾಕ್ಕಂಡೇ ಬಂದವ್ನೆ. ಹೆಣ್ಣು ಯಾರ ಮನೇದು ಕೇಳಮ್ಮಿ."

೨. ಪಟ್ಟಿ

ತಪ್ಪಿನಿಂದ ಕಲಿಯಬೇಕೆಂದು ನಾನೊಂದು ಪಟ್ಟಿ ಬರೆದೆ. ನಟ್ಟು, ತಂತಿ, ಗಾಳಿ, ಕೊಕ್ಕೆ. ಪೂಜೆಯೂ ಇರಲಿ ಎಂದು ಅವನು ಹಟ ಹಿಡಿದ. ವಿಜ್ಞಾನವೆಲ್ಲ ಮುಗಿದ ಮೇಲೆ ಇರಲಿ ಎಂದು ಕೊನೆಯಲ್ಲಿ ಸೇರಿಸಿದೆ.

ಎರಡನೇ ಸಲ ರೆಕ್ಕೆ ಒಂದೇ ಹಾರಿಹೋಗಿ ಹುಣಸೆಮರದ ಮೇಲೆ ಕೂತಿತು. ಇವನು ಕೆಳಗೆ ಮುರಿದ ಮಣಿಕಟ್ಟು ಹಿಡಿದು ಕೂತಿದ್ದ. ಗಾಳಿ ಕೈಯಿಂದ ಕಿತ್ತುಕೊಂಡಿತು ಎಂದ. ಕಾರಣ ಗಾಳಿ ಎಂದೇ ನಾನೂ ಬರೆದುಕೊಂಡೆ. ಮೂಳೆ ಕಟ್ಟುವವರು ಯಾವ ಗಾಡಿಯಿಂದ ಬಿದ್ದದ್ದು ಎಂದು ಕೇಳಿದರು. ಗಾಡಿ ಇನ್ನೂ ಮರದ ಮೇಲಿದೆ ಎಂದೆ. ಅವರು ಕೈ ಮುಟ್ಟುವ ಮೊದಲು ನಮ್ಮಿಬ್ಬರ ಬಾಯಿ ಮೂಸಿದರು.

೩. ಕಾಯಿ

ಕೈ ಕೂಡಿತು. ಈ ಸಲ ದಿಬ್ಬ ಬೇಡ, ಬಂಡೆಗುಡ್ಡ ಎಂದ. ಅದರ ಮುಂದೆ ನೇರ ಪ್ರಪಾತ. ಅಲ್ಲಿಂದ ಬಿದ್ದರೆ ಮೂಳೆ ಕಟ್ಟುವವರಿಗೆ ಕೆಲಸವಿರುವುದಿಲ್ಲ. ಅದಕ್ಕೇ ಪಟ್ಟಿಯನ್ನು ಎರಡೆರಡು ಸಲ ನೋಡಿ ಗುರುತು ಹಾಕಿದೆ. ಆಮೇಲೆ ಅವನು ಕಾಯಿ ಒಡೆದು, ರೆಕ್ಕೆಗೆ ಪ್ರದಕ್ಷಿಣೆ ಬಂದು, ಅಡ್ಡಬಿದ್ದು, ಮತ್ತೆ ರೆಕ್ಕೆಯಡಿ ಭುಜ ಕೊಟ್ಟು ಓಡಲು ನಿಂತ.

ಪಕ್ಕದ ಬಂಡೆಯ ಮೇಲೆ ಕುರಿ ಕಾಯುತ್ತಿದ್ದ ಮುದುಕ ಎಲೆ ಅಡಿಕೆ ಉಗಿದು, ಕೂತಲ್ಲಿಂದಲೇ ನನ್ನನ್ನು ಕರೆದ.

"ಮೇಷ್ಟ್ರೇ, ಆವಯ್ಯ ಸುತ್ತು ಹಾಕಾಕೆ ಬಿಚ್ಕಂಡ್ನಲ್ಲ, ತಿರ್ಗಾ ಕಟ್ಕಂಡ್ನಾ?"

ಪಟ್ಟಿ ನೋಡಿದೆ. ಕೊಕ್ಕೆಯ ಮುಂದೆ ಗುರುತು ಇತ್ತು. ಗೆಳೆಯನನ್ನು ನೋಡಿದೆ. ಕೊಕ್ಕೆ ಅವನ ಬೆನ್ನ ಹಿಂದೆ, ಮೊಣಕಾಲಿನ ಹತ್ತಿರ ನೇತಾಡುತ್ತಿತ್ತು.

ಗೆಳೆಯ ಕತ್ತು ತಿರುಗಿಸಿ ಕೊಕ್ಕೆ ನೋಡಿದ. "ಗಾಳಿಗೆ ಬಿಚ್ಕಂಡಿರ್ಬೇಕು," ಎಂದ.

"ಗಾಳಿಗೆ ಕೈ ಐತೇನ್ಲಾ?" ಎಂದು ಮುದುಕ ಕುರಿಗಳ ಕಡೆ ತಿರುಗಿದ.

ಹೋದ ಸಲವೂ ಪ್ರದಕ್ಷಿಣೆ ಹಾಕಿದ್ದೆಯಾ ಎಂದು ಗೆಳೆಯನನ್ನು ಕೇಳಿದೆ.

"ಮೂರು," ಎಂದ.

ಪಟ್ಟಿಯಲ್ಲಿ ಪೂಜೆಯನ್ನು ಕೊಕ್ಕೆಯ ನಂತರ ಬರೆದವನು ನಾನು.