ಭಾವನವರ ನಾಲ್ಕನೇ ಅವಧಿ

ನಮ್ಮ ಭಾವನವರಿಗಿರುವಷ್ಟು ಕೆಲಸ ಈ ದೇಶದ ಯಾವ ಮಂತ್ರಿಗೂ ಇಲ್ಲ! ನಗಬೇಡಿ. ಮನೆಮನೆಯ ಮೆಟ್ಟಿಲು ಹತ್ತಿ, ‘ನಾಳೆ ನೀರು ಬರುವುದಿಲ್ಲ’ ಎಂಬ ಸುತ್ತೋಲೆ ತೋರಿಸಿ, ‘ಓದಿದೆ’ ಎಂದು ರುಜು ಹಾಕಿಸಿಕೊಂಡು ಬರುವ ಮಂತ್ರಿ ಯಾರಿದ್ದಾರೆ, ಹೇಳಿ?

ಇವರು ನನ್ನ ಯಜಮಾನರ ಅಣ್ಣ. ಮೂಡಲಪಾಳ್ಯದ ನಮ್ಮ ಮನೆಯ ಮಹಡಿಯಲ್ಲೇ ಇರುವುದು. ಸರ್ಕಾರಿ ಕಚೇರಿಯೊಂದರಲ್ಲಿ ಸುತ್ತೋಲೆ ಹೊರಡಿಸುತ್ತಲೇ ನಿವೃತ್ತರಾದವರು. ಮೂರು ಅವಧಿಯಿಂದ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು. ಎಲ್ಲರ ಕೈಯಲ್ಲೂ ವಾಟ್ಸಾಪ್ ಇದೆ, ನಿಜ. ಆದರೆ ಭಾವನವರ ಪ್ರಕಾರ ರುಜು ಇಲ್ಲದ ಸುದ್ದಿ ಸುದ್ದಿಯೇ ಅಲ್ಲ. ಒಮ್ಮೆ ನೀರಿನ ಸುತ್ತೋಲೆ ಕೊನೆಯ ಮನೆ ತಲುಪುವ ಹೊತ್ತಿಗೆ ಆ ‘ನಾಳೆ’ ಕಳೆದು ನಿನ್ನೆಯಾಗಿತ್ತು. ಹಿಂದಿನ ದಿನ ತಲೆಗೆ ಶಾಂಪೂ ಹಚ್ಚಿಕೊಂಡು ಒಣ ನಲ್ಲಿಯ ಮುಂದೆ ನಿಂತಿದ್ದ ಆ ಮನೆಯ ಹುಡುಗಿಯಿಂದಲೂ ಭಾವನವರು ರುಜು ಹಾಕಿಸಿಕೊಂಡೇ ಬಂದರು!

ಈ ಸಲ ಅದೇ ಹುಡುಗಿ ಅವರ ಎದುರು ಚುನಾವಣೆಗೆ ನಿಂತಳು. ಕಾಲೇಜಿನಲ್ಲಿ ಪಾಠ ಹೇಳುವವಳು, ಚುರುಕು. ಬದಲಾವಣೆ ಬೇಕು ಎಂದು ಪಾರ್ಕಿನ ಬೆಂಚುಗಳೆಲ್ಲ ಮಾತಾಡತೊಡಗಿದವು. ನನ್ನ ಚಿಂತೆಯೇ ಬೇರೆ. ಅಧ್ಯಕ್ಷರ ಮಂಡಿ! ಒಂದೊಂದು ಸುತ್ತೋಲೆ ಮುಗಿಸಿ ಬಂದಾಗಲೂ ಅವರು ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಮಹಡಿ ಹತ್ತುವುದು ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ಮೆಟ್ಟಿಲು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿಯಾಗಿದೆ. ಕೇಳಿದರೆ, ಮಂಡಿಗೇನೂ ಆಗಿಲ್ಲ, ಶೂ ಬಿಗಿ ಎನ್ನುತ್ತಾರೆ. ಕಾಲಲ್ಲಿರುವುದು ಹವಾಯಿ ಚಪ್ಪಲಿ!

ಭಾನುವಾರ ಪಾರ್ಕಿನಲ್ಲಿ ಸಭೆ ಸೇರಿತು. ಯಾರೋ ಕೇಳಿದರು: “ಸಾರ್, ಇನ್ನೊಂದು ಸಲ ಗೆಲ್ಸಿದ್ರೆ ಏನ್ ಮಾಡ್ತೀರಾ?”

ಭಾವನವರು ಜೇಬಿನಿಂದ ಪಟ್ಟಿ ತೆಗೆದರು. ವಾಕಿಂಗ್ ಮಾಡುವವರು ದಿನ ಬಿಟ್ಟು ದಿನ ದಿಕ್ಕು ಬದಲಿಸಬೇಕು, ಇಲ್ಲದಿದ್ದರೆ ಚಪ್ಪಲಿ ಒಂದೇ ಕಡೆ ಸವೆಯುತ್ತದೆ. ಬೀದಿನಾಯಿಗಳಿಗೆ ಪ್ರತ್ಯೇಕ ರಿಜಿಸ್ಟರ್.

“ಅವುಗಳ ಹತ್ರಾನೂ ಸೈನ್ ಹಾಕಿಸ್ತೀರಾ ಅಂಕಲ್?” ಎಂದಳು ಹುಡುಗಿ.

ಭಾವನವರು ನಗಲಿಲ್ಲ. ಪಟ್ಟಿ ಮಡಚಿದರು. “ಈ ಸಲ ಕೊನೇ ಮನೆಯಿಂದ ಶುರು ಮಾಡ್ತೀನಮ್ಮ.”

ಚೀಟಿ ಎಣಿಸಿದರೆ ಭಾವನವರಿಗೆ ನಲವತ್ತು, ಹುಡುಗಿಗೆ ಒಂದು! ಬದಲಾವಣೆಯವರೆಲ್ಲ ಎಲ್ಲಿ ಹೋದರು? ಆ ಒಂದಾದರೂ ಅವಳದೇ ಇರಬೇಕು ಎಂದುಕೊಂಡರೆ, ಅವಳೂ ಅಲ್ಲವೆಂದು ತಲೆಯಾಡಿಸಿಬಿಟ್ಟಳು. “ನಾನೂ ಅಂಕಲ್‌ಗೇ ಹಾಕ್ದೆ. ಬಾಗಿಲಿಗೆ ಬಂದು ತಿಂಡಿ ಆಯ್ತಾ ಅಂತ ಕೇಳೋರು ಬೇರೆ ಯಾರಿದ್ದಾರೆ?”

ಇಷ್ಟರ ಮೇಲೆ ಅಧ್ಯಕ್ಷರು ಹಿಗ್ಗಬೇಕಲ್ಲವೇ? ಇಲ್ಲ. ನಲವತ್ತು ಮರೆತು ಆ ಒಂದರ ಹಿಂದೆ ಬಿದ್ದರು. ಯಾರಿಗೋ ತನ್ನಿಂದ ಬೇಜಾರಾಗಿದೆ, ಅದನ್ನು ಕೇಳದ ಮೇಲೆ ತಾನು ಅಧ್ಯಕ್ಷನಾಗಿ ಏನು ಬಂತು ಎಂದು ಮರುದಿನ ಬೆಳಿಗ್ಗೆಯೇ ರುಜು ಪುಸ್ತಕ ಹಿಡಿದು ಹೊರಟರು. ನಾಲ್ಕನೇ ಅವಧಿಯ ಮೊದಲ ಸುತ್ತೋಲೆ: ‘ಅಧ್ಯಕ್ಷರ ಮೇಲೆ ತಮಗೇನಾದರೂ ಅಸಮಾಧಾನವಿದೆಯೇ?’ ಇಲ್ಲವೆಂದವರು ರುಜು ಹಾಕಬೇಕು. ಮೂರು ದಿನ, ಎಲ್ಲ ಮನೆ, ಎಲ್ಲ ಮಹಡಿ. ಎಲ್ಲರೂ ನಗುತ್ತಾ ರುಜು ಹಾಕಿದರು. ನಾನು ಕಿಟಕಿಯ ಹಿಂದೆ ನಿಂತು ನನ್ನನ್ನೇ ಬೈದುಕೊಂಡೆ.

ಮೂರನೆಯ ಸಂಜೆ ಅವರಿಗೆ ಮಹಡಿ ಹತ್ತಲಾಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆಯೇ ಕುಳಿತು, ಹೊರಬಂದ ನನ್ನತ್ತ ಪುಸ್ತಕ ಚಾಚಿದರು. “ನಿಂದೊಂದು ಬಾಕಿ ಕಣಮ್ಮ. ಸುಮ್ನೆ ಫಾರ್ಮಾಲಿಟಿ.”

ನಾನು ಪೆನ್ನು ಹಿಡಿಯಲಿಲ್ಲ. “ಭಾವ, ಆ ವೋಟು ನಂದು,” ಎಂದೆ. “ಸೋತ್ರಾದ್ರೂ ಮೆಟ್ಟಿಲು ಹತ್ತೋದು ಬಿಡ್ತೀರಾ ಅಂತ ಹಾಕ್ದೆ.”

ಅವರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಎರಡೂ ಕೈಯಿಂದ ಮಂಡಿ ಹಿಡಿದುಕೊಂಡು, ಶಾಲೆಯಲ್ಲಿ ಬಿದ್ದು ಬಂದ ಮಗುವಿನ ಹಾಗೆ ನನ್ನ ಮುಖ ನೋಡಿದರು.

“ತುಂಬಾ ನೋಯ್ತಿದೆ ಕಣಮ್ಮ.”