ಕಾರಿಗೆ ಗೊಂಪು

ಯಂತ್ರಗಳ ವಿಷಯದಲ್ಲಿ ನನಗೆ ಹೆದರಿಕೆಯಿಲ್ಲ ಎಂಬುದನ್ನು ಮೊದಲೇ ವಿನಯಪೂರ್ವಕವಾಗಿ ನಿವೇದಿಸುತ್ತೇನೆ. ಮೂಡುಬಿದಿರೆ ಪೇಟೆಯಲ್ಲಿ ನನ್ನದೊಂದು ಜವಳಿ ಅಂಗಡಿ. ಅಂಗಡಿಯ ಹೊಲಿಗೆ ಯಂತ್ರ ಮುಷ್ಕರ ಹೂಡಿದಾಗಲೆಲ್ಲ ಎಣ್ಣೆ ಬಿಟ್ಟು, ಎರಡು ಏಟು ಕೊಟ್ಟು, ದಾರಿಗೆ ತಂದವನು ನಾನೇ. ಕಾರೆಂದರೆ ಏನು ಮಹಾ, ಸ್ವಲ್ಪ ದೊಡ್ಡ ಹೊಲಿಗೆ ಯಂತ್ರ. ಕೆಳಗೆ ಚಕ್ರ ಜಾಸ್ತಿ ಇರುತ್ತದೆ, ಅಷ್ಟೆ. ಈ ಧೈರ್ಯದ ಮೇಲೆಯೇ ಬಂಟ್ವಾಳದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರಿಂದ ಒಂದು ಹಳೆಯ ಕಾರನ್ನು ಅಗ್ಗಕ್ಕೆ ಕೊಂಡೆ.

ಯಾವ ಕಂಪೆನಿಯ ಕಾರು ಎಂದು ಕೇಳಬೇಡಿ. ಮೂತಿಯ ಮೇಲಿದ್ದ ಅಕ್ಷರಗಳೆಲ್ಲ ಉದುರಿ ಕೊನೆಯದೊಂದು ಮಾತ್ರ ಉಳಿದಿತ್ತು. ಓಡಿದ ಮೈಲಿ ತೋರಿಸುವ ಕಡೆ ಬಗ್ಗಿ ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ಸೊನ್ನೆ! ‘ಇದು ಓಡಿದ್ದೇ ಇಲ್ಲವಲ್ಲ’ ಎಂದು ಒಳಗೊಳಗೇ ಹಿಗ್ಗಿದೆ. ಅಂಕೆಗಳು ಕೊನೆ ಮುಟ್ಟಿದ ಮೇಲೆ ಪುನಃ ಸೊನ್ನೆಯಿಂದ ಶುರುವಾಗುತ್ತವೆ ಎಂಬುದು ಆಮೇಲೆ ತಿಳಿಯಿತು. ಹಾಗೆ ಎಷ್ಟು ಸಲ ಆಗಿದೆ ಎಂದು ಆ ಹೊಗೆಸೊಪ್ಪಿನವರಿಗೂ ಗೊತ್ತಿರಲಿಲ್ಲ.

ಅಂಗಳದಲ್ಲಿ ಚಾಪೆ ಹಾಸಿ ಕಾರನ್ನು ಬಿಚ್ಚಿದೆ. ಬಿಚ್ಚುವ ವಿದ್ಯೆ ಸುಲಭ. ಬಿಚ್ಚಿದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಹಪ್ಪಳದ ಹಾಗೆ ಬಿಸಿಲಿಗೆ ಹರವಿದೆ. ಪುನಃ ಜೋಡಿಸಿದಾಗ ಚಾಪೆಯ ಮೇಲೆ ಒಂದು ಸ್ಪ್ರಿಂಗು, ಒಂದಷ್ಟು ಬೋಲ್ಟು ಮತ್ತು ಕಿವಿಯ ಆಕಾರದ ಏನೋ ಒಂದು ಉಳಿದವು.

“ಇದು ಎಂತದ್ದು?” ಎಂದು ಹೆಂಡತಿ ಸುಮತಿ ಕೇಳಿದಳು.

“ಹೆಚ್ಚಿಗೆ ಕೊಟ್ಟದ್ದಿರಬೇಕು” ಎಂದೆ.

“ಅವರು ಹೆಚ್ಚಿಗೆ ಕೊಡುವ ಜನ ಆಗಿದ್ದಿದ್ರೆ ಇದನ್ನು ನಿಮಗೆ ಯಾಕೆ ಮಾರ್ತಿದ್ರು?”

ಉಳಿದದ್ದನ್ನೆಲ್ಲ ಒಂದು ಡಬ್ಬಿಗೆ ಹಾಕಿ ಕೀಲಿ ತಿರುಗಿಸಿದೆ. ಕಾರು ಶುರುವಾಯಿತು! ಅಷ್ಟೆಲ್ಲ ಬಿಟ್ಟುಹೋದ ಮೇಲೂ ಹೇಗೆ ಶುರುವಾಯಿತೆಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಕ್ಷೇಮವಿತ್ತು. ಆ ವಾರವೇ ನನ್ನ ಮಾವ, ಅಂದರೆ ಸುಮತಿಯ ಅಪ್ಪ, ನಮ್ಮಲ್ಲಿಗೆ ಬಂದಿದ್ದರು. ಅಳದಂಗಡಿಯಲ್ಲಿ ಅವರ ಅಕ್ಕನ ಮೊಮ್ಮಗಳ ಮದುವೆ. ‘ಮುನ್ನಾದಿನವೇ ಬಂದು ನನ್ನ ಕೈಯಡುಗೆ ಉಣ್ಣಬೇಕು’ ಎಂದು ಆ ಅಕ್ಕ, ಸುಮತಿಯ ದೊಡ್ಡತ್ತೆ, ಹೇಳಿ ಕಳಿಸಿದ್ದರು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮಾವನದು ಇನ್ನೂ ಬಿಗಿ. ಅವರದು ಒಪ್ಪೊತ್ತು, ದಿನಕ್ಕೆ ಒಂದೇ ಊಟ. ಆ ಒಂದು ಊಟವನ್ನು ಅಕ್ಕನ ಮನೆಗೆಂದು ಮೀಸಲಿಟ್ಟು, ಮುನ್ನಾದಿನ ಬೆಳಗಿನಿಂದ ಏನೂ ಮುಟ್ಟದೆ ಕುಳಿತಿದ್ದರು. ಸೂರ್ಯ ಮುಳುಗುವುದರೊಳಗೆ ಅಲ್ಲಿಗೆ ತಲುಪದಿದ್ದರೆ ಮರುದಿನದವರೆಗೂ ಆ ಹಿರಿಯ ಜೀವ ಉಪವಾಸ.

“ಅಪ್ಪ, ಬಸ್ಸಿನಲ್ಲಿ ಹೋಗುವ” ಎಂದಳು ಸುಮತಿ.

“ಮನೆಯಲ್ಲಿ ಕಾರು ಇರುವಾಗ ಬಸ್ಸಾ?” ಎಂದೆ ನಾನು.

ಮಾವ ಅಳಿಯನ ಮರ್ಯಾದೆ ಕಾಯುವ ಮನುಷ್ಯ. “ಆಯ್ತು, ಅಳಿಯಂದಿರ ಕಾರಿನಲ್ಲೇ ಹೋಗುವ” ಎಂದರು. ಪಾಪ, ಅವರಿಗೇನು ಗೊತ್ತು.

ಹೊರಡುವ ಮೊದಲು ನೋಡಿದರೆ ರೇಡಿಯೇಟರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಚೆಮನೆಯ ಕ್ರೈಸ್ತರು ಇನಾಸ್ ಪೊರ್ಬುಗಳು ಪಾಗಾರದ ಗೋಡೆಯ ಮೇಲಿಂದ ಇಣುಕಿದರು. ಅವರು ಬೊಂಬಾಯಿ ನೋಡಿ ಬಂದವರು.

“ಅದಕ್ಕೆ ಒಂದು ಕೋಳಿಮೊಟ್ಟೆ ಒಡೆದು ಹಾಕಿ ಮಾರಾಯ್ರೆ. ಬಿಸಿಗೆ ಬೆಂದು ತೂತು ಮುಚ್ತದೆ. ಬೊಂಬಾಯಿಯಲ್ಲಿ ಎಲ್ಲ ಹಾಗೇ ಮಾಡುದು.”

“ಇನಾಸರೇ, ನಮ್ಮ ಮನೆಗೆ ಮೊಟ್ಟೆ ತರುವ ಹಾಗಿಲ್ಲ.”

“ನೀವು ತಿನ್ನುದಲ್ಲವಲ್ಲ, ಕಾರು ತಿನ್ನುದು.”

ನಾನು ಧರ್ಮಸಂಕಟಕ್ಕೆ ಸಿಲುಕಿದೆ. ಕಾರು ಯಾವ ಮತದ್ದು? ಹೊಗೆಸೊಪ್ಪಿನವರ ಮನೆಯಲ್ಲಿ ಅದು ಏನೇನು ಕಂಡಿತ್ತೋ. ಸುಮತಿಯನ್ನು ಕೇಳಿದೆ.

“ನಮ್ಮ ಅಂಗಳದಲ್ಲಿ ನಿಂತ ಮೇಲೆ ಅದೂ ನಮ್ಮದೇ ಮತ” ಎಂದು ತೀರ್ಪು ಬಂತು. “ಅಪ್ಪ ಕೂತುಕೊಳ್ಳುವ ಕಾರಿನಲ್ಲಿ ಮೊಟ್ಟೆ ಬೇಯಿಸ್ತೀರಾ?”

ಆಗ ನನ್ನ ಬುದ್ಧಿ ಓಡಿತು. ಮೊಟ್ಟೆಯಲ್ಲಿ ಬೇಕಾದದ್ದು ಲೋಳೆ ತಾನೇ? ಎಣ್ಣೆಸ್ನಾನದ ದಿನ ತಲೆ ತೊಳೆಯಲು ದಾಸವಾಳದ ಎಲೆ ಹಿಸುಕಿ ಗೊಂಪು ತೆಗೆಯುತ್ತೇವಲ್ಲ, ಅದಕ್ಕಿಂತ ಲೋಳೆ ಜಗತ್ತಿನಲ್ಲಿ ಯಾವುದಿದೆ? ಹಿತ್ತಿಲ ಗಿಡವನ್ನು ಬೋಳಿಸಿ, ಒಂದು ಚೆಂಬು ಗೊಂಪು ತೆಗೆದು ರೇಡಿಯೇಟರಿಗೆ ಸುರಿದೆ. ತೊಟ್ಟಿಕ್ಕುವುದು ನಿಂತಿತು. ವಿಜ್ಞಾನಕ್ಕೂ ಧರ್ಮಕ್ಕೂ ಏಕಕಾಲಕ್ಕೆ ಸೇವೆ ಸಲ್ಲಿಸಿದ ತೃಪ್ತಿಯಿಂದ ಊಟದ ಹೊತ್ತು ಕಳೆದ ಕೂಡಲೇ ಹೊರಟೆ. ಹಿಂದಿನ ಸೀಟಿನಲ್ಲಿ ಮಾವ ಮತ್ತು ಸುಮತಿ.

ಹೊಸಂಗಡಿ ದಾಟುವಾಗ ಮಾವ ಮೂಗು ಅರಳಿಸಿದರು. “ಯಾರಾದ್ರೂ ತಲೆಸ್ನಾನ ಮಾಡಿದ್ದುಂಟಾ?”

ನಾನು ಗೇರು ಬದಲಿಸಿದೆ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಸಿರು ನೊರೆ ಹೊರಟಿತು. ನೊರೆ ಮುಂದಿನ ಗಾಜಿಗೆ ಹತ್ತಿತು. ರಸ್ತೆ ಕಾಣಿಸದೆ ಕಾರು ನಿಲ್ಲಿಸಿ ಬಾನೆಟ್ಟು ಎತ್ತಿ, ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿದರೆ ಒಳಗಿನಿಂದ ಕಾದ ಹಾಲಿನಂತೆ ಉಕ್ಕಿ ಬಂತು. ತೂತು ಮುಚ್ಚಿತ್ತೋ ಬಿಚ್ಚಿತ್ತೋ ಒಂದೂ ತಿಳಿಯಲಿಲ್ಲ. ನೀರು ಹಾಕುವುದೇ ಸರಿ ಎಂದು ಪಕ್ಕದ ತೋಡಿನಿಂದ ಚೆಂಬು ತುಂಬಿಕೊಂಡು ಬಂದೆ.

“ಸೋಸಿ ಹಾಕಿ ಅಳಿಯಂದಿರೇ” ಎಂದರು ಮಾವ. “ಕುದಿಯುವ ಜಾಗ ಅದು. ತೋಡಿನ ನೀರಿನಲ್ಲಿ ಸಣ್ಣ ಜೀವ ಇರ್ತದೆ.”

ಹೆಗಲ ಶಾಲು ತೆಗೆದು ಕೊಟ್ಟರು. ಅದು ನನ್ನದೇ ಅಂಗಡಿಯದು. ‘ಮಳೆ ಬಂದರೂ ಹನಿ ಇಳಿಯದು’ ಎಂದು ಹೊಗಳಿ ನಾನೇ ಕೊಟ್ಟದ್ದು. ಹೊಗಳಿದ್ದು ಸುಳ್ಳಲ್ಲ ಎಂದು ಆವತ್ತು ಗೊತ್ತಾಯಿತು. ಒಂದು ಚೆಂಬು ಸೋಸುವಷ್ಟರಲ್ಲಿ ಬಿಸಿಲು ಬಣ್ಣ ಬದಲಿಸಿತು. ಹಾಕಿದರೆ ನೊರೆ ಇಳಿಯಲಿಲ್ಲ, ಹೆಚ್ಚಾಯಿತು. ಹೆಚ್ಚಾಯಿತೆಂದು ಇನ್ನೊಂದು ಚೆಂಬು ಸೋಸಿದೆ.

ಆಗ ಬಸ್ಸು ಬಂತು. ಕಂಡಕ್ಟರ್ ನನ್ನ ಅಂಗಡಿಯ ಗಿರಾಕಿ. ಬಸ್ಸು ನಿಲ್ಲಿಸಿ, “ಬರ್ತೀರಾ ಧನಿಗಳೇ? ಜಾಗ ಉಂಟು” ಎಂದ.

“ಬೇಡ ಬೇಡ, ಸಣ್ಣ ರಿಪೇರಿ. ಈಗ ಹೊರಟೆವು” ಎಂದುಬಿಟ್ಟೆ.

ಯಾಕೆ ಹಾಗೆಂದೆನೋ ನನಗೇ ತಿಳಿಯದು. ಬಾಯಿ ತಾನಾಗಿ ಹೇಳಿತು. ಬಸ್ಸು ಹೋಯಿತು. ಮಾವ ಸೂರ್ಯನನ್ನು ನೋಡಿದರು. ಸುಮತಿ ನನ್ನನ್ನು ನೋಡಿದಳು. ಸೂರ್ಯನನ್ನು ನೋಡುವುದೇ ವಾಸಿ ಎನಿಸಿತು.

ಹೀಗೆ ನಿಲ್ಲಿಸುತ್ತ, ಸೋಸುತ್ತ, ನೊರೆ ತೆಗೆಯುತ್ತ ವೇಣೂರು ದಾಟಿದೆವು. ಇನ್ನೇನು ಸ್ವಲ್ಪವೇ ದೂರ ಎನ್ನುವಾಗ ಕಾರು ಒಮ್ಮೆ ಗಂಟಲು ಸರಿಮಾಡಿಕೊಂಡು ಗದ್ದೆಯ ಬದಿಯಲ್ಲಿ ನಿಂತೇಬಿಟ್ಟಿತು. ಸೂರ್ಯ ಗುಡ್ಡದ ಕಡೆಗೆ ವಾಲಿದ್ದ. ಹಸಿದ ಮಾವನ ಮುಖ ನೋಡಿದೆ. ನನ್ನ ಹಮ್ಮಿಗಾಗಿ ಅವರ ಅನ್ನ ಕಳೆದಿದ್ದೆ.

ಮಾವ ಕಾರಿನಿಂದ ಇಳಿದು, ಒದ್ದೆ ಶಾಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು.

“ಅಳಿಯಂದಿರೇ, ನೀವು ನಿಧಾನಕ್ಕೆ ಮಾಡಿ. ಸುಮತಿ, ಗದ್ದೆಯ ಮೇಲಿನಿಂದ ಒಳದಾರಿ ಉಂಟು. ನಾವು ನಡೆಯುವ.”

ಅಪ್ಪ ಮಗಳು ಗದ್ದೆಯ ಬದು ಹಿಡಿದು ಹೊರಟರು. ನಾನೂ ಹೋಗಬಹುದಿತ್ತು. ಆದರೆ ಕಾರನ್ನು ಸರಿಮಾಡಿ, ಅವರಿಗಿಂತ ಮೊದಲೇ ಮುಟ್ಟಿ, ಚಪ್ಪರದ ಬಳಿ ಹಾರನ್ ಹೊಡೆದು ಸ್ವಾಗತಿಸಬೇಕೆಂಬ ಆಸೆ ಆಗಲೂ ಸತ್ತಿರಲಿಲ್ಲ.

ಎಲ್ಲೆಲ್ಲೋ ಬಡಿದೆ, ಏನೇನೋ ಎಳೆದೆ. ಕಾರು ಕೊನೆಗೆ ತನ್ನ ಇಷ್ಟದಿಂದ ಎದ್ದಿತು. ಎತ್ತಿನಗಾಡಿಯೊಂದು ನನ್ನನ್ನು ಹಿಂದೆ ಹಾಕಿ ಹೋಯಿತು. ಮದುವೆ ಮನೆ ಮುಟ್ಟಿದಾಗ ಚಪ್ಪರದಲ್ಲಿ ಗ್ಯಾಸ್‌ಲೈಟು ಹಚ್ಚಿದ್ದರು. ಸುಮತಿ ಅಂಗಳದಲ್ಲಿ ನಿಂತಿದ್ದಳು.

“ಮಾವ ಉಂಡರಾ?” ಎಂದು ಕಾರಿನೊಳಗಿಂದಲೇ ಕೇಳಿದೆ.

“ಉಂಡ್ರು. ಕೈ ತೊಳೆಯುವಾಗ ಸೂರ್ಯ ಇನ್ನೂ ಇದ್ದ.”

ನನಗೆ ಹೋದ ಜೀವ ಬಂತು. ಜೀವದ ಹಿಂದೆಯೇ ಹಸಿವೂ ಬಂತು. ಆದರೆ ಹೊತ್ತು ಮುಳುಗಿತ್ತು, ನನಗಿನ್ನು ಬೆಳಗಿನವರೆಗೆ ಏನೂ ಇಲ್ಲ.

“ನಾನೆಲ್ಲಿ ಅಂತ ಯಾರೂ ಕೇಳಲಿಲ್ಲವಾ?”

“ದೊಡ್ಡತ್ತೆ ಕೇಳಿದ್ರು.”

“ಮಾವ ಎಂತ ಹೇಳಿದ್ರು?”

ಸುಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದಳು: “‘ಅಳಿಯಂದಿರು ಕಾರಿನಲ್ಲಿ ಬರ್ತಾ ಇದ್ದಾರೆ. ನನಗೆ ಸ್ವಲ್ಪ ಅವಸರ ಇತ್ತು, ಹಾಗೆ ನಡೆದು ಬಂದೆ’ ಅಂದ್ರು.”